ನಿನ್ನ ಪಟ್ಟಿಯಲ್ಲಿ ನಾನು ಹೊಡೆದುಹಾಕಿದ ಮೀನುಗಳು

ಕೊಪ್ಪಳ
೧೮ ಮೇ ೨೦೨೫

ಪ್ರೀತಿಯ ಭವಾನಿಗೆ,

ನಿನ್ನ ಪಟ್ಟಿ ಕೈಸೇರಿತು. ಹನ್ನೆರಡು ಹೆಸರು ಬರೆದಿದ್ದೀ, ಆರನ್ನು ಹೊಡೆದುಹಾಕಿದ್ದೇನೆ. ನೀನು ಮತ್ತೆ ಹೊಸದಾಗಿ ಇಡಬೇಕೆಂದಿರುವ ನೂರು ಲೀಟರಿನ ತೊಟ್ಟಿಯಲ್ಲಿ ಅಷ್ಟೊಂದು ಸಮುದ್ರ ಹಿಡಿಸುವುದಿಲ್ಲ. ಫೋನಿನಲ್ಲೇ ಹೇಳಬಹುದಿತ್ತು, ನಿಜ. ಆದರೆ ನಾನು ಬಸ್ ಸ್ಟ್ಯಾಂಡಿನ ಮುಂದೆ ಪ್ಲಾಸ್ಟಿಕ್ ಚೀಲದಲ್ಲಿ ಗೋಲ್ಡ್‌ಫಿಶ್ ಮಾರುತ್ತ ಬಾಯಿ ಬೆಳೆಸಿಕೊಂಡವಳು. ಸಿಕ್ಕಿಬೀಳುವ ಮಾತು ಬಂದರೆ ಫೋನಿನಲ್ಲಿ ಜಾರಿಕೊಳ್ಳುತ್ತೇನೆ. ಕಾಗದದಲ್ಲಿ ಅದು ಕಷ್ಟ. ಅಲ್ಲದೆ ಇದನ್ನು ನೀನು ಇನ್ನೊಬ್ಬರಿಗೆ ಓದಿ ಹೇಳಬೇಕಾಗಿದೆ. ಯಾರಿಗೆ ಎಂಬುದು ಆಮೇಲೆ.

ಮೊದಲು ವ್ಯಾಪಾರ. ನೀಲಿ ಟ್ಯಾಂಗ್ ಮೀನು ಬೇಡ. ಅಂಗಡಿಯಲ್ಲಿ ಬೆರಳುದ್ದ ಇರುತ್ತದೆ, ಬೆಳೆದರೆ ಗೇಣು ದಾಟುತ್ತದೆ, ದಿನವಿಡೀ ಈಜುವ ಪ್ರಾಣಿ. ಜಾತ್ರೆಯ ದಿನ ಕುಷ್ಟಗಿ ಬಸ್ಸಿನಲ್ಲಿ ಒಂಟಿಗಾಲಲ್ಲಿ ನಿಂತು ಬಂದಂತೆ ಅದು ಜನ್ಮವಿಡೀ ಕಳೆಯಬೇಕಾಗುತ್ತದೆ. ಡ್ಯಾಮ್ಸೆಲ್ ಮೀನು ಅಗ್ಗ, ಗಟ್ಟಿ, ಚೆಂದ. ಆದರೆ ಮೊದಲು ಹೊಕ್ಕಿತೋ, ಇಡೀ ತೊಟ್ಟಿಯ ಪಹಣಿ ತನ್ನ ಹೆಸರಿಗೇ ಮಾಡಿಸಿಕೊಳ್ಳುತ್ತದೆ. ಚಿಟ್ಟೆಮೀನು ಹವಳವನ್ನೇ ಕುಟುಕುತ್ತದೆ. ನಕ್ಷತ್ರಮೀನು ಹೊಸ ತೊಟ್ಟಿಯಲ್ಲಿ ಹಸಿದು ಸೊರಗುತ್ತದೆ. ಅನಿಮೋನಿ ಹೂವಿನಂತೆ ಕಂಡರೂ ನಡೆದಾಡುವ ಜೀವ, ಹೋದಲ್ಲೆಲ್ಲ ಹವಳ ಸುಡುತ್ತದೆ. ಕ್ಲೌನ್ ಮೀನಿಗೆ ಅದು ಬೇಕೇ ಬೇಕು ಎಂದು ಯಾರೋ ನಿನಗೆ ಹೇಳಿದ್ದಾರೆ. ಬೇಕಿಲ್ಲ. ಇವು ಐದಾದವು. ಆರನೆಯದು ಮ್ಯಾಂಡರಿನ್. ಅದಕ್ಕೆ ಬರುತ್ತೇನೆ, ತಾಳು.

ಉಳಿದವನ್ನು ಒಂದೇ ಸಲ ಸುರಿಯಬೇಡ. ನೀರು ಹದಕ್ಕೆ ಬರಲು ತಿಂಗಳೊಪ್ಪತ್ತು ಬಿಡು. ಆಮೇಲೆ ಬಸವನಹುಳು, ಸನ್ಯಾಸಿ ಏಡಿ. ಏಡಿಗೆ ಖಾಲಿ ಚಿಪ್ಪು ನಾಲ್ಕಾರು ಹಾಕಿಡು, ಇಲ್ಲದಿದ್ದರೆ ಮನೆಗಾಗಿ ಬಸವನಹುಳುವನ್ನೇ ಕೊಂದೀತು. ನಂತರ ಗೋಬಿ ಮೀನು ಮತ್ತು ಪಿಸ್ತೂಲು ಸೀಗಡಿ, ಇಬ್ಬರನ್ನೂ ಒಟ್ಟಿಗೆ. ಸೀಗಡಿಗೆ ಕಣ್ಣು ಮಂದ. ಅದು ಬಿಲ ತೋಡುತ್ತದೆ, ಗೋಬಿ ಬಾಗಿಲಲ್ಲಿ ಕೂತು ಕಾಯುತ್ತದೆ. ಹೊರಗೆ ಬಂದರೆ ಸೀಗಡಿ ತನ್ನ ಮೀಸೆಯನ್ನು ಗೋಬಿಯ ಮೈಮೇಲೆ ಇಟ್ಟೇ ಇರುತ್ತದೆ. ಗೋಬಿಯ ಬಾಲ ಅಲುಗಿತೋ, ಇಬ್ಬರೂ ಒಳಗೆ. ನನ್ನ ಅಂಗಡಿ ಪಕ್ಕದ ಚಹಾದಂಗಡಿಯ ಅಬ್ದುಲಸಾಬರು ಇದನ್ನು ನೋಡುತ್ತ ಎರಡು ಸಲ ಹಾಲು ಉಕ್ಕಿಸಿದ್ದಾರೆ. "ನಾವೂ ಮನ್ಯಾಗ ಹಿಂಗ ಇದ್ದಿದ್ರ ಅರ್ಧಾ ಜಗಳ ಇರ್ತಿದ್ದಿಲ್ಲ ನೋಡವಾ" ಎನ್ನುತ್ತಾರೆ. ಆಮೇಲೆ ಸ್ವಚ್ಛತಾ ಸೀಗಡಿ, ಕಡೆಗೆ ಕ್ಲೌನ್ ಜೋಡಿ. ಅಂಜುಬುರುಕರು ಮೊದಲು, ಜೋರಿನವರು ಕೊನೆಗೆ.

ನೀರಿನ ಬಗ್ಗೆ ಒಂದು ಮಾತು. ನಮ್ಮ ಬೋರಿನ ನೀರು ಹೇಗೂ ಉಪ್ಪು ಎಂದು ಅದನ್ನೇ ತುಂಬಿದ ಮಹಾನುಭಾವರನ್ನು ನಾನು ಕಂಡಿದ್ದೇನೆ. ಆ ಉಪ್ಪೇ ಬೇರೆ, ಸಮುದ್ರದ ಉಪ್ಪೇ ಬೇರೆ. ಬೇಸಿಗೆಯಲ್ಲಿ ನೀರು ಆವಿಯಾಗಿ ಇಳಿದಾಗ ಫಿಲ್ಟರಿನ ಸಿಹಿನೀರನ್ನೇ ಹಾಕು. ಆವಿಯಾಗುವುದು ನೀರು ಮಾತ್ರ, ಉಪ್ಪು ಅಲ್ಲೇ ಇರುತ್ತದೆ. ನಿಮ್ಮತ್ತೆಯವರ ತಾಮ್ರದ ಕೊಡದ ನೀರನ್ನಂತೂ ಒಂದು ಲೋಟವೂ ಹಾಕಬೇಡ. ಮನುಷ್ಯರಿಗೆ ಒಳ್ಳೆಯದೆನ್ನುವ ಆ ತಾಮ್ರ ಸೀಗಡಿಗೆ ವಿಷ.

ಇನ್ನು ಮ್ಯಾಂಡರಿನ್.

ನಿನ್ನ ಪಟ್ಟಿಯ ಅಡಿಯಲ್ಲಿ ಎರಡು ಸಾಲು ಬರೆದು ಹೊಡೆದುಹಾಕಿದ್ದೀ. ಹೊಡೆದದ್ದನ್ನೂ ಓದುವ ಚಟ ನನ್ನದು. 'ನನ್ನ ಕೈಯಲ್ಲೂ ಸಾಯದಂಥವನ್ನು ಆರಿಸಿಕೊಡು. ಹೋದ ವರ್ಷ ಹನುಮಸಾಗರದ ಹೊಲದಲ್ಲಿ ಬಿತ್ತುವ ದಿನ ಅತ್ತೆ ನನ್ನ ಉಡಿಯಿಂದ ಬೀಜ ತೆಗೆದು ತಂಗಿಯ ಉಡಿಗೆ ಹಾಕಿದರು.' ತಂಗಿ ಎಂದರೆ ನಿನ್ನ ಓರಗಿತ್ತಿ ರೇಣುಕಾ. ಅದನ್ನು ಓದಿದ ಮೇಲೆ ಮೂರು ದಿನ ನಾನು ಗಿರಾಕಿಗಳೊಂದಿಗೆ ಸರಿಯಾಗಿ ಚೌಕಾಸಿ ಮಾಡಲಿಲ್ಲ.

ಆರು ವರ್ಷದ ಹಿಂದೆ ನಾನು ನಿನಗೆ ಮಾರಿದ ಆ ಮ್ಯಾಂಡರಿನ್ನನ್ನು ಮೊದಲು ಹೊಸಪೇಟೆಯ ಒಬ್ಬ ಗಿರಾಕಿ ತರಿಸಿದ್ದ, ಆಮೇಲೆ ಒಲ್ಲೆ ಎಂದ. ಅದು ಹಳೆಯ ಕಲ್ಲಿನ ಮೇಲೆ ಹುಟ್ಟುವ, ಕಣ್ಣಿಗೆ ಕಾಣದಷ್ಟು ಸಣ್ಣ ಹುಳುಗಳನ್ನೇ ಹೆಕ್ಕಿ ತಿನ್ನುವ ಮೀನು. ಡಬ್ಬಿಯ ಕಾಳು ಮುಟ್ಟುವುದಿಲ್ಲ. ನಿನ್ನ ತೊಟ್ಟಿಗೆ ಆಗ ನಾಲ್ಕೇ ತಿಂಗಳು. ಅಲ್ಲಿ ಅದು ಉಪವಾಸ ಸಾಯುತ್ತದೆ ಎಂದು ನನಗೆ ಗೊತ್ತಿತ್ತು. ಭವಾನಿ, ಗೊತ್ತಿತ್ತು. "ಬದುಕತೈತೇನಲೇ?" ಎಂದು ನೀನು ಕೇಳಿದೆ. "ನಿನ್ನ ಕೈಯಾಗ ಯಾವುದು ಬದುಕಂಗಿಲ್ಲ?" ಎಂದು ನಾನು ನಗುತ್ತ ಚೀಲಕ್ಕೆ ಗಂಟು ಹಾಕಿದೆ.

ಎರಡು ತಿಂಗಳು ನೀನು ದಿನಕ್ಕೆ ನಾಲ್ಕು ಸಲ ಅದರ ಮುಂದೆ ಕೂತೆ. ಅದು ಕಾಗದದಷ್ಟು ತೆಳ್ಳಗಾಗಿ ಹೋಯಿತು. ಅಳುತ್ತ ಫೋನ್ ಮಾಡಿದಾಗ ನನ್ನ ಬಾಯಿಗೆ ಮೊದಲು ಬಂದದ್ದು, "ಒಬ್ಬೊಬ್ಬರ ಕೈಗುಣ ಭವಾನಿ, ಏನ್ ಮಾಡಾಕ ಬರತೈತಿ." ನಿನ್ನ ಫೋನಿನ ಸ್ಪೀಕರ್ ಹಾಕಿತ್ತು. ಹಿಂದೆ ನಿಮ್ಮತ್ತೆ ಕಸ್ತೂರೆಮ್ಮ "ಹೌದವಾ, ಖರೇ ಹೇಳಿದಿ" ಎಂದದ್ದು ನನಗೂ ಕೇಳಿಸಿತು. ಅಲ್ಲಿಯವರೆಗೆ ಆ ಮನೆಯಲ್ಲಿ ಯಾರೂ ನಿನ್ನ ಕೈಯ ಸುದ್ದಿ ಎತ್ತಿರಲಿಲ್ಲ. ಆ ಮಾತನ್ನು ನಿಮ್ಮ ಮನೆಯೊಳಗೆ ಬಿಟ್ಟವಳು ನಾನು. ಮೊಸರು ಹೆಪ್ಪಾಗದಿದ್ದರೂ ನಿನ್ನ ಕೈ, ಕರು ಹಾಲು ಕುಡಿಯದಿದ್ದರೂ ನಿನ್ನ ಕೈ. ಈಗ ಬೀಜ.

ಈ ಸಲದ ಮಳೆ ಬಿದ್ದು ಬಿತ್ತನೆ ಶುರುವಾಗುವ ಮೊದಲು ಈ ಕಾಗದವನ್ನು ಕಸ್ತೂರೆಮ್ಮನವರ ಎದುರು ಗಟ್ಟಿಯಾಗಿ ಓದು. ಮ್ಯಾಂಡರಿನ್‌ನ ಭಾಗ ಎರಡು ಸಲ ಓದು. ಅವರು ನಂಬದಿದ್ದರೆ ಹೇಳಿ ಕಳಿಸು, ನಾನೇ ಬಂದು ಅವರ ಮುಂದೆ ಕೂತು ಹೇಳುತ್ತೇನೆ. ಮೀನು ಸತ್ತದ್ದು ನನ್ನ ವ್ಯಾಪಾರದಿಂದ, ನಿನ್ನ ಕೈಯಿಂದಲ್ಲ. ನೀನು ನನ್ನೊಂದಿಗೆ ಮಾತು ಬಿಟ್ಟರೆ ಅದು ನ್ಯಾಯವೇ. ಬಿಡುವುದಾದರೆ ಗೋಬಿ ಮತ್ತು ಸೀಗಡಿಯನ್ನು ಮಾತ್ರ ಬೇರೆ ಬೇರೆ ಅಂಗಡಿಯಲ್ಲಿ ಕೊಳ್ಳಬೇಡ.

ನಿನ್ನ ಸಾಲಿಯ ಗೆಳತಿ, ಈಗ ಏನೆಂದು ಕರೆಯುತ್ತೀಯೋ ಗೊತ್ತಿಲ್ಲ,
ನಾಹೀದಾ

ತಾ.ಕ.: ಇನ್ನೊಂದು ಸುಳ್ಳು ಉಳಿದಿದೆ. ಆ ಮೀನು ಸತ್ತ ಮೇಲೆ ನೀನು ತೊಟ್ಟಿಯ ಸಹವಾಸವೇ ಬೇಡವೆಂದು ಮುಚ್ಚಿದಾಗ ಅದರೊಳಗಿನ ಕಲ್ಲುಗಳನ್ನು ಒಯ್ದು ಬಿಸಾಡಿದೆ ಎಂದಿದ್ದೆ. ಬಿಸಾಡಲಿಲ್ಲ, ಅವು ಅಂಗಡಿಯ ಹಿಂದಿನ ತೊಟ್ಟಿಯಲ್ಲಿವೆ. ದೊಡ್ಡ ಕಲ್ಲಿನ ಮೇಲೆ ನೀನು ನಿನ್ನ ಕೈಯಾರೆ ಅಂಟಿಸಿದ್ದ ಹಸಿರು ಅಂಗಿಗುಂಡಿಯಂಥ ಹವಳ ನೆನಪಿದೆಯಾ? ಆಗ ಅದಕ್ಕೆ ಮೂರೇ ಬಾಯಿ. ಆರು ವರ್ಷದಿಂದ ಅದನ್ನೇ ಚೂರು ಚೂರು ಕತ್ತರಿಸಿ ಗಂಗಾವತಿ, ಗದಗಿನವರೆಗೆ ಮಾರಿದ್ದೇನೆ. ಸತ್ತಿತು ಎಂದು ಇವತ್ತಿನವರೆಗೆ ಯಾರೂ ಫೋನ್ ಮಾಡಿಲ್ಲ. ಕಲ್ಲಿನ ಮೇಲೆ ಉಳಿದ ಬಾಯಿಗಳನ್ನು ಇವತ್ತು ಮುಂಜಾನೆ ಎಣಿಸಲು ಕೂತೆ, ಇನ್ನೂರ ಹನ್ನೆರಡಕ್ಕೆ ಲೆಕ್ಕ ತಪ್ಪಿತು. ಗುರುವಾರದ ಬಸ್ಸಿಗೆ ಕಲ್ಲನ್ನು ನಾನೇ ತರುತ್ತೇನೆ. ಕಸ್ತೂರೆಮ್ಮನವರಿಗೆ ಚಷ್ಮಾ ಹಾಕಿಕೊಂಡು ಎಣಿಸಲು ಹೇಳು.