ಅಂಚಿಗೆ ಚಾಚಿದ ಕೈ

ಕಮರಿಪೇಟೆ, ಹುಬ್ಬಳ್ಳಿ
೧೯ ಮಾರ್ಚ್ ೧೯೩೬

ಪ್ರೀತಿಯ ಅತ್ತೆಯವರ ಪಾದಗಳಿಗೆ ನಿಮ್ಮ ಸೊಸೆಯ ನಮಸ್ಕಾರಗಳು.

ಪೊರೆ ತೆಗೆದ ಕಣ್ಣು ಈಗ ಹೇಗಿದೆ? ಮಂಗಳೂರಿನ ಸೆಕೆಗೆ ಪಟ್ಟಿಯ ಕೆಳಗೆಲ್ಲ ಬೆವರಿ ತುರಿಸುತ್ತದೆ ಎಂದು ನಾದಿನಿ ಕೃಪಮ್ಮ ಬರೆದಿದ್ದಳು. ಎಷ್ಟೇ ತುರಿಸಿದರೂ ಕೈ ಹಚ್ಚಬೇಡಿರಿ. ಕುಚ್ಚಲಕ್ಕಿಯ ಅನ್ನ ಒಗ್ಗದೆ ರೊಟ್ಟಿ ರೊಟ್ಟಿ ಎನ್ನುತ್ತಿದ್ದೀರಂತೆ. ಆ ಕಡೆ ಹೋಗುವವರು ಸಿಕ್ಕರೆ ಜೋಳದ ಹಿಟ್ಟನ್ನೂ ಅಗಸಿ ಚಟ್ನಿಯನ್ನೂ ಕಟ್ಟಿಕೊಡುತ್ತೇನೆ. ಇಲ್ಲಿ ನಿಮ್ಮ ಮಗ ಕ್ಷೇಮವಾಗಿದ್ದಾರೆ. ರೇಲ್ವೆ ವರ್ಕ್‌ಶಾಪಿನಿಂದ ಬಂದವರೇ ನಿಮ್ಮ ಹೊರಸಿನ ಮೇಲೆ ಕುಳಿತು ಚಹಾ ಕುಡಿಯುತ್ತಾರೆ, ಬೇರೆಲ್ಲೂ ಕೂಡುವುದಿಲ್ಲ. ಬಾಯಿಬಿಟ್ಟು ಹೇಳದಿದ್ದರೂ ನಿಮ್ಮನ್ನು ನೆನೆಯುತ್ತಾರೆ. ಒಂದು ಮಾತು, ಈ ಪತ್ರವನ್ನು ಕೃಪಮ್ಮ ನಿಮಗೆ ಓದಿ ಹೇಳುವಾಗ ಗಂಡಸರು ಯಾರೂ ಹತ್ತಿರ ಇರದಿದ್ದರೆ ಒಳ್ಳೆಯದು.

ನಮ್ಮ ಪ್ರಾರ್ಥನಾಲಯದಲ್ಲಿ ಹೆಂಗಸರು ಕೂಡುವ ಬದಿಯ ಗೋಡೆಗೆ ಜರ್ಮನಿಯಿಂದ ಬಂದ ಅಚ್ಚಿನ ಚಿತ್ರವೊಂದಿತ್ತಲ್ಲ, ರಕ್ತಕುಸುಮ ರೋಗದ ಹೆಂಗಸನ್ನು ಸ್ವಾಮಿ ವಾಸಿಮಾಡಿದ್ದು? ಹೋದ ಮಳೆಗಾಲದಲ್ಲಿ ಹಂಚು ಸೋರಿ ಅದರ ಅರ್ಧ ಕೊಳೆತುಹೋಯಿತು. ಅದನ್ನೇ ನೋಡಿ ಗೋಡೆಯ ಮೇಲೆ ಬರೆದುಕೊಡಲು ಸಭೆಯ ಹಿರಿಯರು ನಮ್ಮ ಓಣಿಯ ಮೈಲಾರಪ್ಪನನ್ನು ಗೊತ್ತುಮಾಡಿದರು. ನಾಟಕ ಕಂಪನಿಗಳಿಗೆ ಅರಮನೆ, ಅಡವಿಗಳ ಪರದೆ ಬರೆಯುತ್ತಾನಲ್ಲ, ಅವನೇ. ನಮ್ಮವನಲ್ಲದಿದ್ದರೂ ಬಹಳ ಭಕ್ತಿಯಿಂದ, ಸ್ನಾನ ಮಾಡಿಯೇ ಕೆಲಸಕ್ಕೆ ಬರುತ್ತಿದ್ದ. ಪಾದ್ರಿಗಳು ಅವನಿಗೆ ಬೈಬಲಿನ ಆ ಅಧ್ಯಾಯವನ್ನು ಓದಿ ಹೇಳಿದರು. ಅವನು ಕೇಳಿದ್ದು ಒಂದೇ, ಆಕೆಗೆ ಏನು ಜಡ್ಡು ಎಂದು. ಪಾದ್ರಿಗಳು ಕೆಮ್ಮಿದರು. ಹಿರಿಯ ಯಾಕೋಬಪ್ಪನವರು, ಬಹಳ ದಿನದ ಜಡ್ಡು, ಅಷ್ಟು ತಿಳಿದರೆ ಸಾಕು ಎಂದರು.

ಕಸಗುಡಿಸಲು ಹೋಗಿದ್ದ ನನ್ನನ್ನು ಅವನು ಮರುದಿನ ಕೇಳಿದ. ಅಚ್ಚಿನ ಚಿತ್ರದ ಉಳಿದರ್ಧವನ್ನು ಕೈಯಲ್ಲಿ ಹಿಡಿದಿದ್ದ. ಅದು ನಿಮಗೆ ನೆನಪಿದೆಯಲ್ಲ, ಹಾಲಿನಂಥ ಬಣ್ಣದ, ಬಂಗಾರದ ಕೂದಲಿನ ಹೆಂಗಸು ಸ್ವಾಮಿಯ ಎದುರಿಗೇ ಮೊಣಕಾಲೂರಿದ್ದಳು. "ಅಕ್ಕಾರ, ಈಕಿ ಯಾರಿಗೂ ಗೊತ್ತಾಗಬಾರದಂತ ಹಿಂದಿನಿಂದ ಬಂದು ಸ್ವಾಮಿ ಬಟ್ಟಿ ಅಂಚು ಮುಟ್ಟಿ ಆರಾಮಾದ್ಲು ಅಂತ ಪಾದ್ರಿಗೋಳು ಓದಿದ್ರು. ಇದರಾಗ ಮುಂದ ಕುಂತಾಳ. ನಾ ಯಾವದನ್ನ ಬರೀಲಿ?" ಎಂದ. ನಾನು ಕಸಬರಿಗೆಯನ್ನು ಗೋಡೆಗೆ ಆನಿಸಿದೆ. ಆಮೇಲೆ ಅದು ತಿಂಗಳ ರಕ್ತ ನಿಲ್ಲದೆ ಹರಿಯುವ ಜಡ್ಡು ಎಂದು ಹೇಳಿಬಿಟ್ಟೆ. ಮನೆಯಲ್ಲಿ ಹೆಂಗಸರಿರುವ ಮನುಷ್ಯ, ತಲೆ ತಗ್ಗಿಸಿ ಕೇಳಿದ. ಅಂಥವಳು ಮಂದಿಯ ನಡುವೆ ಹೇಗೆ ನಡೆಯುತ್ತಾಳೆ ಎಂದು ಕೇಳಿದಾಗ ಅದನ್ನೂ ಹೇಳಿದೆ. ಗೋಡೆಗೆ ಅಂಟಿಕೊಂಡು ನಡೆಯುತ್ತಾಳೆ, ಬೆನ್ನು ಬಾಗಿಸುತ್ತಾಳೆ, ಒಂದು ಕೈಯಿಂದ ಸೀರೆಯನ್ನು ಹಿಂದೆ ಒತ್ತಿ ಹಿಡಿದಿರುತ್ತಾಳೆ, ಕಲೆ ಕಂಡೀತೆಂದು. ಇದೆಲ್ಲ ನನಗೆ ಹೇಗೆ ಗೊತ್ತೆಂದು ಅವನು ಕೇಳಲಿಲ್ಲ.

ಅತ್ತೆ, ಅವನು ಬರೆದದ್ದನ್ನು ನಿಮಗೆ ಹೇಗೆ ತೋರಿಸಲಿ? ಇಕ್ಕಟ್ಟಾದ ಒಂದು ಪೇಟೆ, ದುರ್ಗದ ಬೈಲಿನಲ್ಲಿ ಸಂತೆಯ ದಿನ ಕಾಣುವಂಥ ಮಂದಿ. ಸ್ವಾಮಿ ನಮಗೆ ಬೆನ್ನು ಮಾಡಿ ಮುಂದೆ ಹೋಗುತ್ತಿದ್ದಾರೆ. ಕೆಳಗೆ ಕಾಲುಗಳ ನಡುವೆ ಇಳಕಲ್ ಸೀರೆಯ ಕಪ್ಪು ಹೆಂಗಸು ಬಾಗಿದ್ದಾಳೆ. ಒಂದು ಕೈ ಹಿಂದೆ ಸೀರೆಯನ್ನು ಹಿಡಿದಿದೆ, ಇನ್ನೊಂದು ಅವರ ಬಟ್ಟೆಯ ಅಂಚಿನ ಕಡೆ ಚಾಚಿದೆ. ಇನ್ನೂ ಮುಟ್ಟಿಲ್ಲ. ರವಿವಾರ ಹೆಂಗಸರೆಲ್ಲ ಅದನ್ನು ನೋಡಿದರು. ಮುದುಕಿಯರು ಸೆರಗು ಬಾಯಿಗೆ ಹಚ್ಚಿಕೊಂಡು ಕುಳಿತಿದ್ದರು.

ಆರಾಧನೆ ಮುಗಿದ ಮೇಲೆ ಸಭೆ ಕೂಡಿತು. ಸ್ವಾಮಿಯ ಮುಖವೇ ಇಲ್ಲದ ಚಿತ್ರ ದೇವರ ಮನೆಯಲ್ಲಿ ಯಾಕೆ, ಆ ಹೆಂಗಸಿನ ಹಿಂದಿನ ಕೈ ನೋಡಲು ನಾಚಿಕೆ, ನಾಳೆಯೇ ಸುಣ್ಣ ಬಳಿಸೋಣ ಎಂದು ಯಾಕೋಬಪ್ಪನವರು ಹೇಳಿದರು. ಅವರು ಕೆಟ್ಟವರಲ್ಲ, ನಿಮಗೂ ಗೊತ್ತು. ಸ್ವಾಮಿಗೆ ಅವಮಾನವಾಯಿತೆಂದು ಅವರ ದನಿ ನಡುಗುತ್ತಿತ್ತು. ಮೈಲಾರಪ್ಪ ಬಾಗಿಲ ಹೊರಗೆ ಚಪ್ಪಲಿಗಳ ಹತ್ತಿರ ನಿಂತಿದ್ದ. ನಾಟಕದವನ ಬುದ್ಧಿ ಎಂದು ಯಾರೋ ಅಂದರು. ಆಗ ನಾನು ಎದ್ದು ನಿಂತೆ, ಅತ್ತೆ. ಏಳಬೇಕೆಂದುಕೊಂಡು ಎದ್ದದ್ದಲ್ಲ.

"ಹಂಗ ಬರೀ ಅಂತ ಹೇಳಿದಾಕಿ ನಾನರಿ. ಆ ಬ್ಯಾನಿ ನನಗಿತ್ತು. ನಾನೂ ಇದ ಓಣ್ಯಾಗ ಹಂಗ ನಡದೇನಿ. ಸುಣ್ಣಾ ಹಚ್ಚೂದಿದ್ರ ಹಚ್ಚರಿ, ಆದರ ಅದು ಸುಳ್ಳು ಅನಬ್ಯಾಡ್ರಿ."

ಇಷ್ಟೇ ಹೇಳಿದ್ದು. ಗಂಡಸರ ಬದಿಯಿಂದ ನಿಮ್ಮ ಮಗ ಎದ್ದು ಬಂದರು. ಬೈಯುತ್ತಾರೆ ಎಂದುಕೊಂಡೆ. ನನ್ನ ಬದಿಗೆ ಬಂದು ನಿಂತು, "ಖರೇ ಐತ್ರಿ" ಎಂದಷ್ಟೇ ಹೇಳಿದರು.

ಯಾಕೋಬಪ್ಪನವರು ಚಿತ್ರದ ಹತ್ತಿರ ಹೋಗಿ ಆ ಹಿಂದಿನ ಕೈಯನ್ನು ನೋಡಿದರು. ಕೊನೆಗೆ ಮೈಲಾರಪ್ಪನನ್ನು ಒಳಗೆ ಕರೆದು, ಯಾರು ಮುಟ್ಟಿದರೆಂದು ಸ್ವಾಮಿ ತಿರುಗಿ ನೋಡಿದ್ದೂ ಅಧ್ಯಾಯದಲ್ಲಿದೆ, ಮುಖವನ್ನು ಸ್ವಲ್ಪ ತಿರುಗಿಸಲು ಬರುತ್ತದೆಯೇ ಎಂದು ಕೇಳಿದರು. ಅವನು ಯೋಚಿಸಿ, ಬರುತ್ತದೆ ಎಂದ. ನಿನ್ನೆ ತಿರುಗಿಸಿದ. ಈಗ ಒಂದು ಕೆನ್ನೆ, ಒಂದು ಕಣ್ಣು ಕಾಣುತ್ತವೆ. ಆ ಕಣ್ಣು ಮಂದಿಯ ಕಾಲುಗಳ ನಡುವೆ ಯಾರನ್ನೋ ಹುಡುಕುತ್ತಿದೆ. ಮೊದಲಿಗಿಂತ ಈಗಲೇ ಛಲೋ ಆಗಿದೆ ಎಂದು ಮೈಲಾರಪ್ಪ ತಾನೇ ಒಪ್ಪಿದ. ಕೈಯನ್ನು ಯಾರೂ ಅಳಿಸಲಿಲ್ಲ.

ಆದರೆ ನಿಮ್ಮ ಮಾತು ಮುರಿದೆ. "ಇದು ನಮ್ಮಿಬ್ಬರ ನಡುವ ಇರಲಿ" ಎಂದಿದ್ದಿರಿ. ಬೇರೆಯವರ ಬಾಯಿಂದ ಕೇಳುವ ಮೊದಲು ನಾನೇ ತಿಳಿಸಬೇಕೆಂದು ಬರೆಯುತ್ತಿದ್ದೇನೆ. ನೀವು ಮುಚ್ಚಿಟ್ಟದ್ದು ನಾಚಿಕೆಯಿಂದಲ್ಲ, ನನ್ನನ್ನು ಕಾಯಲು ಎಂದು ನನಗೆ ಗೊತ್ತು. ಮಂದಿ ಏಳುವ ಮೊದಲೇ ನನ್ನ ಬಟ್ಟೆಗಳನ್ನು ನೀವು ಒಗೆದು ಒಳಗೇ ಒಣಹಾಕುತ್ತಿದ್ದಿರಿ. ನಾನು ಸೊರಗಿದ್ದನ್ನು ಕಂಡು ನನ್ನನ್ನು ತವರಿಗೆ ಕಳಿಸಿ ಮಗನಿಗೆ ಬೇರೆ ಹೆಣ್ಣು ನೋಡಲು ಹೇಳಿದವರಿಗೆ, ನಮ್ಮ ಮನೆಯ ವಿಚಾರ ನಿಮಗೆ ಬೇಡ ಎಂದಿರಿ. ನಿಮಗೇ ಮೊಣಕಾಲು ನೋವು ಎಂದು ಊರಿಗೆಲ್ಲ ಹೇಳಿ ನನ್ನನ್ನು ಬೆಟಗೇರಿಯ ದವಾಖಾನೆಗೆ ಕರೆದೊಯ್ದಿರಿ. ಅಲ್ಲಿ ನನ್ನ ಮಂಚದ ಕೆಳಗೆ ನೆಲದ ಮೇಲೆ ಮಲಗಿದಿರಿ. ನನ್ನ ಹೆತ್ತ ತಾಯಿ ಇದ್ದಿದ್ದರೂ ಇನ್ನೇನು ಮಾಡುತ್ತಿದ್ದಳು? ವಾಸಿಯಾಗಿ ಮನೆಗೆ ಬಂದ ಮೇಲೆ ನಿಮಗೆ ಇದನ್ನೆಲ್ಲ ಹೇಳಬೇಕೆಂದು ಎಷ್ಟೋ ಸಲ ಬಂದು ಕುಳಿತೆ. ಹೇಳಲು ಬಾಯಿ ಬರಲಿಲ್ಲ. ನೀವೂ ಮೆಣಸಿನಕಾಯಿ ಆರಿಸು ಎಂದು ಬೇರೆ ಕೆಲಸ ಹಚ್ಚಿಬಿಡುತ್ತಿದ್ದಿರಿ. ಇಲ್ಲಿಂದ ಬರೆಯುವುದು ಸುಲಭ. ದೇವರಿಗೆ ಸಲ್ಲಿಸುವ ಸ್ತೋತ್ರದ ಬೆನ್ನಿಗೇ ನಿತ್ಯ ನಿಮ್ಮ ಹೆಸರು ಬರುತ್ತದೆ. ಸಿಟ್ಟಿದ್ದರೆ ಕೃಪಮ್ಮನ ಕೈಯಲ್ಲಿ ಬರೆಸಿರಿ, ಬೈಸಿಕೊಳ್ಳುತ್ತೇನೆ.

ಕೃಪಮ್ಮನಿಗೂ ಅಳಿಯಂದಿರಿಗೂ ನಮ್ಮಿಬ್ಬರ ವಂದನೆ, ಮಕ್ಕಳಿಗೆ ಮುದ್ದು. ನಿಮ್ಮ ಕಣ್ಣಿಗೆ ದೇವರು ಬೇಗ ಬೆಳಕು ಕೊಡಲಿ.

ಎಂದೆಂದೂ ನಿಮ್ಮವಳಾದ
ಶೇವಂತೆವ್ವ

ತಾ.ಕ.: ಟಪಾಲು ಹೋಗುವ ಹೊತ್ತಾಯಿತು, ಅವಸರದಲ್ಲಿ ಬರೆಯುತ್ತಿದ್ದೇನೆ. ರವಿವಾರದ ಸುದ್ದಿ ಓಣಿಯೆಲ್ಲ ಹಬ್ಬಿದೆ. ಇಂದು ಮುಂಜಾನೆ ನಳದ ಹತ್ತಿರ ಎದುರು ಮನೆಯ ಗುಲ್ಜಾರಬಿಯ ಸೊಸೆ ಸಿತಾರಾ, ಕೊಡ ತುಂಬಿದರೂ ಹೋಗದೆ ನಿಂತಿದ್ದಳು. ಎಲ್ಲರೂ ಹೋದ ಮೇಲೆ, "ಬೆಟಗೇರಿ ಎಷ್ಟು ದೂರ ಆಗತೈತ್ರಿ?" ಎಂದು ಕೇಳಿದಳು. ಮುಖ ಸುಣ್ಣದಂತಿದೆ, ಇನ್ನೂ ಎಳೆಯ ಹುಡುಗಿ. ದೃಷ್ಟಿಯಾಗಿದೆ, ತಾಯತ ಕಟ್ಟಿದರೆ ರಕ್ತ ನಿಲ್ಲುತ್ತದೆ ಎಂದು ಗುಲ್ಜಾರಬಿ ಕುಳಿತಿದ್ದಾಳೆ. ನಾನು ಹೋಗಿ ಹೇಳಿದೆ, ಕೇಳಲಿಲ್ಲ. ನಿಮ್ಮ ಮಾತನ್ನು ಮಾತ್ರ ಅವಳು ತೆಗೆದುಹಾಕುವುದಿಲ್ಲ. ವರ್ಷ ವರ್ಷ ಕೂಡಿ ಶಾವಿಗೆ ಹೊಸೆದವರು ನೀವಿಬ್ಬರು. ಇನ್ನು ಕಣ್ಣಿಲ್ಲದ ಮುದುಕಿ ಮಗಳ ಮನೆಯಲ್ಲೇ ಬಿದ್ದಿರುತ್ತೇನೆ ಎಂದು ಬರೆಸಿದ್ದಿರಲ್ಲ, ಅದಾಗದು. ಡಾಕ್ಟರು ಹೂಂ ಎಂದ ದಿನವೇ ಹೊರಡಿರಿ, ನಿಮ್ಮ ಮಗ ರಜೆ ಹಾಕಿ ಕರೆಯಲು ಬರುತ್ತಾರೆ. ಕಣ್ಣು ಪೂರ್ತಿ ಕಾಣದಿದ್ದರೂ ಚಿಂತೆಯಿಲ್ಲ. ಬೆಟಗೇರಿಯ ದಾರಿ ನಾನು ನೋಡುತ್ತೇನೆ. ಗುಲ್ಜಾರಬಿಯ ಹತ್ತಿರ ಮಾತು ನೀವು ಆಡಿರಿ.