ಅಪ್ಪನ ಇಂಗ್ಲಿಷ್ ಪತ್ರಗಳು

ಕುಲಗೋಡ
ತಾ. 12-11-2024

ಚಿ. ಸೌ. ಭಾಗ್ಯಾಳಿಗೆ ಅವ್ವನ ಆಶೀರ್ವಾದ.

ಇಲ್ಲಿ ನಾನು, ನಿನ್ನಣ್ಣ ಶಿವಕುಮಾರ, ಅವನ ಹೆಂಡತಿ ಎಲ್ಲ ಆರಾಮ ಇದ್ದೇವೆ. ‘ಸೌ.’ ಎಂದು ಬರೆಯುವಾಗ ಪೆನ್ನು ನಿಂತಿತು. ನನ್ನನ್ನು ಕೇಳದೆ ಯಲ್ಲೇಶನನ್ನು ಮದುವೆಯಾಗಿ ದಡ್ಡಿ ಊರಿಗೆ ಹೋದವಳಿಗೆ ಹದಿನೈದು ವರ್ಷ ನಾನು ಒಂದು ಸಾಲೂ ಬರೆದಿಲ್ಲ. ಹೋದ ವರ್ಷ ಅಪ್ಪನ ಮಣ್ಣಿಗೆ ನೀನು ಬಂದಾಗಲೂ ಮಾತಾಡಲಿಲ್ಲ. ಏನು ಬರೆಯಬೇಕೋ ಈಗಲೂ ಸರಿಯಾಗಿ ತಿಳಿಯದು.

ಶ್ರಾವಣದಲ್ಲಿ ಬಂದ ನಿನ್ನ ಪತ್ರಕ್ಕೆ ಉತ್ತರ ತಡವಾಯಿತು. ಅಪ್ಪ ಕಳಿಸುತ್ತಿದ್ದ ಇ-ಮೇಲ್‌ಗಳು ನನ್ನ ಹಳೆಯ ಖಾತೆಯ ಜೊತೆಗೇ ಹೋದವು, ಅವರ ಕಂಪ್ಯೂಟರಿನಲ್ಲಿ ಇದ್ದರೆ ಉಳಿಸಿಕೊಡಿ, ಅವರದೆಂದು ನನ್ನ ಹತ್ತಿರ ಬೇರೆ ಏನೂ ಇಲ್ಲ ಎಂದು ನೀನು ಬರೆದಿದ್ದೆ. ಅವರು ನಿನಗೆ ಬರೆಯುತ್ತಿದ್ದರೆಂಬುದೇ ನನಗೆ ಆಗ ಗೊತ್ತಾಯಿತು. ಸಿಟ್ಟು ಬಂತು. ನಿನ್ನ ಪತ್ರವನ್ನು ಒಂದು ತಿಂಗಳು ಟ್ರಂಕಿನಲ್ಲಿ ಹಾಕಿಟ್ಟೆ.

ಆಮೇಲೆ ಕಂಪ್ಯೂಟರ್ ಚಾಲೂ ಮಾಡಲು ಶಿವಕುಮಾರನಿಗೆ ಹೇಳಿದೆ. ಅದು ಚಾಲೂ ಆಗಲೇ ಇಲ್ಲ. ಗೋಕಾಕದಲ್ಲಿ ರಿಪೇರಿ ಮಾಡುವ ಶಿದ್ರಾಮನ ಅಂಗಡಿಗೆ ನಾನೇ ಹೋದೆ. ಅವನು ಒಳಗಿನ ಡಿಸ್ಕ್ ಬಿಚ್ಚಿ ಬೇರೆ ಮಷೀನಿಗೆ ಜೋಡಿಸಿ ಎರಡು ದಿನ ಬಿಟ್ಟು ಕರೆದ. ನೋಡಿದರೆ ಪರದೆ ತುಂಬ ಇಂಗ್ಲಿಷ್. ಅಕ್ಷರಗಳ ತಲೆಯ ಮೇಲೆ ಚುಕ್ಕಿ, ಗೆರೆ ಬೇರೆ.

“ನನ್ನ ಮುಂದ ಮುಚ್ಚಿಡಾಕ ಇಂಗ್ಲಿಷ್‌ನ್ಯಾಗ ಬರದಾರ. ಎಲ್ಲಾ ಅಳಿಸಿ ಬಿಡಪಾ,” ಅಂದೆ.

ಅವನು ನಕ್ಕ. “ಇಂಗ್ಲಿಷ್ ಅಲ್ರಿ ಅವ್ವಾರ, ಕನ್ನಡ ಐತ್ರಿ.”

“ಹತ್ತನೇತ್ತಾ ಪಾಸಾದಾಕಿ ನಾ. ನನಗ ಕನ್ನಡ ಕಲಸಾಕ ಬರಬ್ಯಾಡ.”

“ನಾ ಏನ್ ಕಲಸ್ಲಿರಿ ನಿಮಗ. ಆಗಿನ ಕನ್ನಡ ಫಾಂಟ್ ಈ ಮಷೀನಿನ್ಯಾಗ ಇಲ್ರಿ, ಅದಕ್ಕ ಹಿಂಗ ಕಾಣತೈತಿ. ತಡೀರಿ, ಹಾಕತೇನಿ.”

ಏನೋ ಒತ್ತಿದ. ಇಂಗ್ಲಿಷ್ ಹೋಗಿ ಅಪ್ಪನ ಮಾತು ಬಂತು. ‘ಮಗಳ, ಇವತ್ತ ಕಬ್ಬಿಗೆ ನೀರು ಬಿಟ್ಟೆ. ಕರೇ ಎಮ್ಮಿ ಈದೈತಿ.’ ಬಾಜೂ ಕುಳಿತು ಹೇಳಿದ ಹಾಗೆ. ನಾನು ಅಲ್ಲಿಯೇ ಓದುತ್ತ ಕುಳಿತು ಕುಲಗೋಡದ ಎರಡು ಬಸ್ಸು ಬಿಟ್ಟೆ.

ಒಂದೇ ಕಡೆ ಇಡಬಾರದಂತೆ. ಅದಕ್ಕೆ ಎಲ್ಲವನ್ನೂ ಎರಡು ಪೆನ್ ಡ್ರೈವಿಗೆ ಹಾಕಿಸಿ, ಫಾಂಟನ್ನೂ ಸೇರಿಸಿ, ಕಾಗದದ ಮೇಲೂ ತೆಗೆಸಿದ್ದೇನೆ. ಒಂದು ಡ್ರೈವನ್ನು ಇದರ ಜೊತೆ ಮೂಡಲಗಿಯಿಂದ ರಜಿಸ್ಟರ್ ಟಪಾಲಿನಲ್ಲಿ ಕಳಿಸುತ್ತಿದ್ದೇನೆ. ನಿನ್ನ ಮಕ್ಕಳ ಹೆಸರು ಅಪ್ಪನ ಪತ್ರಗಳಲ್ಲೇ ಓದಿ ತಿಳಿದೆ. ಅವರಿಗೂ ಯಲ್ಲೇಶನಿಗೂ ಒಳ್ಳೆಯದಾಗಲಿ.

ನಿನ್ನ ಅವ್ವ,
ಅಕ್ಕವ್ವ

ತಾ.ಕ.: ಪ್ರತಿ ಪತ್ರದ ಕೊನೆಗೆ ಅಪ್ಪ ‘ಅವ್ವ ನಿನ್ನ ಕೇಳಿದಳು’ ಎಂದು ಬರೆದಿದ್ದಾರೆ. ನಿನ್ನ ಎರಡನೆಯ ಬಾಣಂತನದಲ್ಲಿ ಅವ್ವ ಅಂಟಿನ ಉಂಡಿ ಕಟ್ಟಿ ಕಳಿಸಿದ್ದಾಳೆ ಎಂದೂ ಇದೆ. ಅವನ್ನು ಅಂಗಡಿಯಿಂದ ತಂದಿರಬೇಕು. ನಾನು ಉಂಡಿ ಕಟ್ಟಲಿಲ್ಲ, ಒಮ್ಮೆಯೂ ನಿನ್ನನ್ನು ಕೇಳಲಿಲ್ಲ. ನೀನು ಖರೆ ಎಂದು ನಂಬಿದ್ದರೆ ಇದನ್ನು ಹೇಳಬೇಕೋ ಬಿಡಬೇಕೋ ತಿಳಿಯದೆ ನಾಲ್ಕು ದಿನ ಕುಳಿತೆ. ಅಪ್ಪ ಸುಳ್ಳು ಹೇಳುವವರಲ್ಲ. ಹೇಳುವ ಹಾಗೆ ನಾನು ಮಾಡಿದೆ.