ಮೇಲಿನ ಮಹಡಿಯ ಬಿಂಕದಮ್ಮ

ಮನೆಯಿಂದ,
ಮಾರ್ಚ್ ೧೦, ಸೋಮವಾರ ಮಧ್ಯಾಹ್ನ

ಪ್ರೀತಿಯ ಪುಟ್ಟೂ,

ಹೇಗಿದ್ದೀಯ? ಬೆನ್ನುನೋವು ಈಗ ಹೇಗಿದೆ? ಇಂಜಿನ್ ಕೋಣೆಯ ಸೆಕೆಯಲ್ಲಿ ತೊಯ್ದು ತೊಪ್ಪೆಯಾಗಿ, ಒದ್ದೆ ಅಂಗಿಯಲ್ಲೇ ಹೊರಗಿನ ಗಾಳಿಗೆ ಬಂದು ನಿಲ್ಲುವ ಚಾಳಿಯನ್ನು ನೀನು ಖಂಡಿತ ಬಿಟ್ಟಿರುವುದಿಲ್ಲ ಎಂದು ಬರೆಯಲು ಅಮ್ಮ ಹೇಳಿದಳು. ಬರೆದಿದ್ದೇನೆ. ಹೊಟ್ಟೆತುಂಬ ತಿನ್ನುತ್ತಿದ್ದೀಯಾ ಎಂದು ಕೇಳಲೂ ಹೇಳಿದಳು. ಹೋದ ಸಲ ನೀನು ಕಳಿಸಿದ ಫೋಟೋ ನೋಡಿದ ಮೇಲೆ ನನಗೆ ಆ ಸಂಶಯವಿಲ್ಲ, ಗಲ್ಲ ಎರಡಾಗಿದೆ. ಅಮ್ಮನಿಗೆ ಮಾತ್ರ ಅದೇ ಫೋಟೋದಲ್ಲಿ ನೀನು ಇಳಿದುಹೋದ ಹಾಗೆ ಕಾಣುತ್ತದೆ. ಅವಳ ಕನ್ನಡಕ ಬದಲಾಯಿಸಬೇಕು.

ಮುಖ್ಯ ಸುದ್ದಿ ಮೊದಲೇ ಹೇಳಿಬಿಡುತ್ತೇನೆ. ಅಪ್ಪನ ತಪಾಸಣೆ ಮುಗಿಯಿತು, ಏನೂ ತೊಂದರೆಯಿಲ್ಲ. ಡಾಕ್ಟರು ಆಪರೇಷನ್ನಿನಲ್ಲಿ ಉಸಿರಿಗೆಂದು ಮಾಡಿದ ಕುತ್ತಿಗೆಯ ತೂತಿನೊಳಗೆ ದೀಪ ಬಿಟ್ಟು ನೋಡಿ, ಸುತ್ತಲೂ ಬೆರಳಿನಿಂದ ಒತ್ತಿ, ಸ್ಕ್ಯಾನ್ ಚಿತ್ರವನ್ನು ಬೆಳಕಿಗೆ ಹಿಡಿದು, ಇನ್ನು ಆರು ತಿಂಗಳು ನನ್ನ ಮುಖ ನೋಡಲು ಬರಬೇಡಿ ಎಂದರು. ಆಸ್ಪತ್ರೆಯ ಮೆಟ್ಟಿಲು ಇಳಿಯುವಾಗ ಅಮ್ಮ ನನ್ನ ತೋಳನ್ನು ಹಿಡಿದಿದ್ದ ಹಿಡಿತ ಸಡಿಲವಾಯಿತು. ಅಲ್ಲಿಯವರೆಗೂ ಅವಳು ಅಷ್ಟು ಬಿಗಿಯಾಗಿ ಹಿಡಿದಿದ್ದಳೆಂದು ನನಗೇ ತಿಳಿದಿರಲಿಲ್ಲ, ಬೆರಳಿನ ಗುರುತು ಸಂಜೆಯವರೆಗೂ ಇತ್ತು. ಇದಿಷ್ಟನ್ನೂ ಫೋನಿನಲ್ಲಿ ಹೇಳಬಹುದಿತ್ತು. ಆದರೆ ಇದಲ್ಲದ ಇನ್ನೊಂದು ಸಂಗತಿಯಿದೆ. ಅದನ್ನು ಅಪ್ಪನನ್ನು ಪಕ್ಕದಲ್ಲೇ ಕೂರಿಸಿಕೊಂಡು ಹೇಳಲು ಬಾಯಿ ಬರಲಿಲ್ಲ. ಅದಕ್ಕೇ ಈ ಕಾಗದ. ಬಂದರಿನಲ್ಲಿ ನಿನ್ನ ಕಂಪನಿಯ ಏಜೆಂಟರು ಕೊಡುತ್ತಾರಲ್ಲ, ಆರಾಮಾಗಿ ಕೂತು ಓದು.

ನೀನು ಹಡಗು ಹತ್ತುವಾಗ ಅಪ್ಪ ಹೇಗಿದ್ದರೆಂದು ನಿನಗೆ ಗೊತ್ತು. ಗಂಟಲಿನ ಧ್ವನಿಪೆಟ್ಟಿಗೆಯನ್ನೇ ತೆಗೆದ ಮೇಲೆ ಮನುಷ್ಯ ಒಳಗಿನಿಂದಲೂ ಬರಿದಾದ ಹಾಗೆ ಇದ್ದರು. ಮಾತು ಕಲಿಸುವ ಟೀಚರಮ್ಮ ಪಾಪ ಎಷ್ಟು ತಾಳ್ಮೆಯಿಂದ ಪ, ತ, ಕ ಹೇಳಿಸಿದರು! ಬಾಯಿಂದ ಗಾಳಿಯನ್ನು ಅನ್ನನಾಳಕ್ಕೆ ಒತ್ತಿ, ತೇಗಿನ ಹಾಗೆ ಮೇಲಕ್ಕೆ ತಂದು, ಅದರ ಮೇಲೆ ಅಕ್ಷರ ಕೂರಿಸಬೇಕು. ಅಪ್ಪ ನಾಲ್ಕು ಪಾಠಕ್ಕೆ ಹೋಗಿ ನಿಲ್ಲಿಸಿಬಿಟ್ಟರು. ಕುತ್ತಿಗೆಗೆ ಹಿಡಿದು ಮಾತಾಡುವ ಯಂತ್ರ ಕೊಟ್ಟರೆ ಅದನ್ನು ಡಬ್ಬಿಯ ಸಮೇತ ಬೀರುವಿನಲ್ಲಿ ಇಟ್ಟರು. ಸ್ಲೇಟಿನಲ್ಲಿ ಬರೆಯುತ್ತಿದ್ದುದು ಎರಡೇ ಪದ, ಬೇಕು ಮತ್ತು ಬೇಡ. ಆಮೇಲೆ ಬೇಡ ಒಂದೇ ಉಳಿಯಿತು. ನೀನು ಫೋನ್ ಮಾಡಿದಾಗಲೆಲ್ಲ ಎದ್ದು ಬಚ್ಚಲಿಗೆ ಹೋಗಿ ನಲ್ಲಿ ತಿರುಗಿಸುತ್ತಿದ್ದರು.

ನನಗೆ ಹೆಚ್ಚು ಕಷ್ಟವಾದದ್ದು ಪುಸ್ತಕಗಳದ್ದು. ಗ್ರಂಥಾಲಯದಲ್ಲಿ ಹರಿದ ಪುಸ್ತಕಗಳಿಗೆ ಹೊಲಿಗೆ ಹಾಕಿ, ಅಂಟು ಬಳಿದು, ರಟ್ಟು ಕಟ್ಟುತ್ತ ಜೀವನ ಕಳೆದ ಮನುಷ್ಯ ಅವರು. ನಿವೃತ್ತಿಯಾದ ಮೇಲೂ ಭಾನುವಾರ ಬೆಳಿಗ್ಗೆ ಮೆಟ್ಟಿಲ ಮೇಲೆ ಕೂತು ಕಟ್ಟಡದ ಮಕ್ಕಳಿಗೆಲ್ಲ ವೀರರ ಕಥೆ ಓದುತ್ತಿದ್ದರಲ್ಲ. ಕೋಟೆ ಹತ್ತುವವನು, ಹಿಮ ದಾಟುವವನು, ಸರಪಳಿ ಕಡಿದುಕೊಂಡು ಓಡುವವನು, ಎಲ್ಲರಿಗೂ ಅಪ್ಪನದೇ ಗಂಟಲು. ನೀನು ಹಡಗಿನ ಕೆಲಸಕ್ಕೆ ಬಿದ್ದದ್ದೂ ಆ ಗಂಟಲಿನ ದೆಸೆಯಿಂದಲೇ ಎಂದು ಅಮ್ಮ ಈಗಲೂ ಬೈಯುತ್ತಾಳೆ. ಆಪರೇಷನ್ನಿಗೆ ಮೊದಲಿನ ಭಾನುವಾರ, ನೆರೆಯಲ್ಲಿ ಸಿಕ್ಕಿಕೊಂಡ ಊರಿನವರನ್ನು ಹೊಳೆ ದಾಟಿಸುವ ಅಂಬಿಗಿತ್ತಿಯ ಕಥೆ ನಡೆಯುತ್ತಿತ್ತು. ದೋಣಿ ನಡುಹೊಳೆಯಲ್ಲಿದ್ದಾಗ ಅಪ್ಪನಿಗೆ ಕೆಮ್ಮು ಬಂದು ಪುಸ್ತಕ ಮುಚ್ಚಿದರು. ಆಸ್ಪತ್ರೆಯಿಂದ ಬಂದವರು ಪುಸ್ತಕಗಳನ್ನೆಲ್ಲ ರಟ್ಟಿನ ಪೆಟ್ಟಿಗೆಗೆ ತುಂಬಿ ಮಂಚದ ಕೆಳಗೆ ತಳ್ಳಿ, ಗೋಡೆಗೆ ಮುಖ ಮಾಡಿ ಮಲಗಿದರು.

ಈಗ ಮೇಲಿನ ಮಹಡಿಯ ಬಿಂಕದಮ್ಮನ ವಿಷಯ. ಯಾರು ಮಾತಾಡಿಸಿದರೂ ತುಟಿ ಬಿಚ್ಚದೆ ತಲೆಯಾಡಿಸಿ ಹೋಗುವ, ಬೇಸಿಗೆಯಲ್ಲೂ ಕೊರಳಿಗೆ ವಸ್ತ್ರ ಸುತ್ತಿಕೊಳ್ಳುವ ಆಕೆ. ಗಡಿಯಾರ ರಿಪೇರಿ ಮಾಡುವ ಗಂಡನೇ ಅವರ ಪರವಾಗಿ ಎಲ್ಲರೊಡನೆ ಮಾತಾಡುತ್ತಿದ್ದುದು. ಎಷ್ಟು ಬಿಂಕ ನೋಡು ಎಂದು ಹೆಸರಿಟ್ಟವರು ನಾವೇ, ಕಟ್ಟಡದ ಹಳೇ ಮಕ್ಕಳು. ಒಂದು ಬೆಳಿಗ್ಗೆ ಬಾಗಿಲು ಬಡಿದ ಸದ್ದಾಯಿತು. ತೆರೆದರೆ ಆಕೆ. ಹಣೆಯೆಲ್ಲ ಬೆವರು. ಬಾಗಿಲ ಚೌಕಟ್ಟು ಹಿಡಿದುಕೊಂಡು, ಗಾಳಿ ನುಂಗಿ, ನೀರಿನ ಕೊಳವೆಯೊಳಗಿನಿಂದ ಬಂದಂಥ ಗೊಗ್ಗರು ದನಿಯಲ್ಲಿ ಒಂದೊಂದೇ ಪದ ಹೇಳಿದರು. "ಆ ಅಂಬಿಗಿತ್ತಿ... ದಡ ಸೇರಿದ್ಳಾ?"

ಅಮ್ಮ ಒಲೆಯ ಮುಂದಿನಿಂದ ಸೌಟು ಹಿಡಿದುಕೊಂಡೇ ಬಂದವಳು ಹಾಗೆಯೇ ನಿಂತಳು. ಆಕೆ ಕೊರಳಿನ ವಸ್ತ್ರ ಬಿಚ್ಚಿದರು. ಅಪ್ಪನ ಕುತ್ತಿಗೆಯಲ್ಲಿರುವಂಥದ್ದೇ ತೂತು, ಅಂಚು ಹಳೆಯದಾಗಿ ಬೆಳ್ಳಗಾಗಿತ್ತು. ಅಪ್ಪ ಮಂಚದಿಂದ ಕತ್ತು ಹೊರಳಿಸಿ ಅದನ್ನು ನೋಡಿದರು. ನೋಡಿ ಮತ್ತೆ ಗೋಡೆಯ ಕಡೆ ತಿರುಗಿಬಿಟ್ಟರು.

ಆಕೆ ಬೇಸರಪಟ್ಟುಕೊಳ್ಳಲಿಲ್ಲ. ಮರುದಿನವೂ ಬಂದರು, ಅದರ ಮರುದಿನವೂ ಬಂದರು. ಅಡುಗೆಮನೆಯಲ್ಲಿ ಅಮ್ಮನ ಜೊತೆ ಕೂತು, ಅಪ್ಪನಿಗೆ ಕೇಳಿಸುವ ಹಾಗೆ ಮಾತಾಡುತ್ತಿದ್ದರು. ಆಗ ತಿಳಿದದ್ದು ಇದು: ಆಕೆ ಮದುವೆಗೆ ಮೊದಲಿನಿಂದಲೂ ರೈಲು ನಿಲ್ದಾಣದಲ್ಲಿ ಗಾಡಿ ಬರುವುದು ಹೋಗುವುದನ್ನು ಮೈಕಿನಲ್ಲಿ ಹೇಳುವ ಕೆಲಸದಲ್ಲಿದ್ದರಂತೆ. ಊರಿಗೆಲ್ಲ ಆ ದನಿ ಗೊತ್ತಿತ್ತು, ಮುಖ ಯಾರಿಗೂ ಗೊತ್ತಿರಲಿಲ್ಲ. ಅಮ್ಮನಿಗೆ ತಟ್ಟನೆ ನೆನಪಾಯಿತು, ಅಜ್ಜಿಯ ಮನೆಗೆ ಹೊರಟಾಗಲೆಲ್ಲ ಜೇನಿನಂತೆ ಇಳಿಯುತ್ತಿದ್ದ ದನಿ. ಅದು ಹೋಯಿತು. ಕಷ್ಟಪಟ್ಟು ಈ ಹೊಸ ದನಿ ಕಲಿತರು. ಕಲಿತ ಸಂತೋಷದಲ್ಲಿ ಅಂಗಡಿಗೆ ಹೋಗಿ ಮಾತಾಡಿದರೆ, ಪಕ್ಕದಲ್ಲಿದ್ದ ಮಗುವೊಂದು ಹೆದರಿ ತಾಯಿಯ ಹಿಂದೆ ಅವಿತುಕೊಂಡಿತಂತೆ, ಹಿಂದೆ ನಿಂತವರು ನಕ್ಕರಂತೆ. ಅಂದಿನಿಂದ ಮನೆಯೊಳಗೆ ಗಂಡನ ಜೊತೆ ಬಿಟ್ಟರೆ ಎಲ್ಲೂ ಬಾಯಿ ತೆರೆದಿರಲಿಲ್ಲ. ಭಾನುವಾರಗಳಲ್ಲಿ ಬಾಗಿಲನ್ನು ಒಂದು ಬೆರಳಿನಷ್ಟು ತೆರೆದಿಟ್ಟುಕೊಂಡು, ಅದರ ಹಿಂದೆ ಕುರ್ಚಿ ಹಾಕಿಕೊಂಡು ಅಪ್ಪನ ಕಥೆ ಕೇಳುತ್ತಿದ್ದರಂತೆ. ನಾವು ಬಿಂಕ ಎಂದು ಹೆಸರಿಟ್ಟದ್ದೂ ಅವರಿಗೆ ಗೊತ್ತಂತೆ. ಅದನ್ನು ಹೇಳುವಾಗ ನನ್ನ ಕಡೆ ನೋಡಿ ನಕ್ಕರು. ನಾನು ಟೀ ಮಾಡುವ ನೆಪದಲ್ಲಿ ಎದ್ದೆ.

ಅಪ್ಪ ಮಾತ್ರ ಕರಗಲಿಲ್ಲ. ಒಂದು ಶನಿವಾರ ಆಕೆ ಆ ಪುಸ್ತಕವನ್ನೇ ಕೇಳಿದರು. ಅಮ್ಮ ಮಂಚದ ಕೆಳಗಿನಿಂದ ಪೆಟ್ಟಿಗೆ ಎಳೆದಾಗ ಅಪ್ಪ ಏಳಲೂ ಇಲ್ಲ, ತಡೆಯಲೂ ಇಲ್ಲ. ಮರುದಿನ ಬೆಳಿಗ್ಗೆ ಮೆಟ್ಟಿಲ ಮೇಲೆ, ಅಪ್ಪ ಕೂರುತ್ತಿದ್ದ ಜಾಗದಿಂದ ಒಂದು ಮೆಟ್ಟಿಲು ಕೆಳಗೆ, ಆಕೆ ಬಂದು ಕೂತರು. ಗಡಿಯಾರದ ಮಾಮ ನೀರಿನ ಲೋಟ ಹಿಡಿದು ಹಿಂದೆ ನಿಂತರು. ಮಕ್ಕಳು ಸೇರಿದವು. ನಾನು ನಮ್ಮ ಬಾಗಿಲಲ್ಲಿದ್ದೆ. ಮೊದಲ ಸಾಲಿಗೇ ಮಕ್ಕಳು ಒಬ್ಬರನ್ನೊಬ್ಬರು ತಿವಿದುಕೊಂಡವು. ಆಕೆ ನೀರು ಕುಡಿದು ಮುಂದೆ ಓದಿದರು. ಸೆಳವು ಜೋರಾಗಿ ದೋಣಿ ತಿರುಗಿದಾಗ ಅಂಬಿಗಿತ್ತಿ ದಡದವರಿಗೆ, ಹಗ್ಗ ಬಿಡಬೇಡಿ ಎಂದು ಕೂಗುವ ಜಾಗ ಬಂತು. ಈ ದನಿಯಲ್ಲಿ ಹಕಾರ ಹುಟ್ಟುವುದೇ ಇಲ್ಲ, ಪುಟ್ಟೂ, ಅದಕ್ಕೆ ಎದೆಯ ಉಸಿರು ಬೇಕಂತೆ. ಬಂದದ್ದು "ಅಗ್ಗ ಬಿಡಬೇಡಿ." ಅಗ್ಗವಾಗಿ ಸಿಕ್ಕರೆ ಯಾರು ಬಿಡುತ್ತಾರೆ ಎಂದು ಯಾವುದೋ ಮಗು ಹೇಳಿತು, ಮೆಟ್ಟಿಲಿಡೀ ನಗು. ಆಕೆ ಪುಸ್ತಕವನ್ನು ಮಡಿಲಲ್ಲಿಟ್ಟು ತಲೆ ತಗ್ಗಿಸಿದರು. ಮಾಮನ ಮುಖ ನೋಡಲಾಗಲಿಲ್ಲ ನನಗೆ.

ಅಷ್ಟರಲ್ಲಿ ನನ್ನನ್ನು ಯಾರೋ ಪಕ್ಕಕ್ಕೆ ಸರಿಸಿದರು. ಅಪ್ಪ. ಕೆದರಿದ ಕೂದಲು, ಮಾಸಿದ ಪೈಜಾಮ. ನೇರ ಹೋಗಿ ಆಕೆಯ ಮಡಿಲಿನಿಂದ ಪುಸ್ತಕ ತೆಗೆದುಕೊಂಡು ಆ ಸಾಲಿನ ಮೇಲೆ ಬೆರಳು ಬಡಿದರು. ಬಾಯಿ ಬಿಗಿದು, ಕೆನ್ನೆ ಉಬ್ಬಿಸಿ, ಕತ್ತಿನ ನರಗಳು ಎದ್ದು, ಏನೋ ಒಂದು ಸದ್ದು ಹೊರಬಂತು. "ತಪ್ಪು."

ಅಮ್ಮನ ಕೈಯಿಂದ ತಟ್ಟೆ ಬಿದ್ದ ಸದ್ದು ಕೇಳಿಸಿತು. ಬಿಂಕದಮ್ಮ ತಲೆಯೆತ್ತಿ, ತಪ್ಪಾಗಿದ್ದರೆ ನೀವೇ ಸರಿಯಾಗಿ ಹೇಳಿ ಎಂದು ಕೈ ತೋರಿಸಿದರು. ಅಪ್ಪ ಗಾಳಿ ನುಂಗಿದರು. ಬರಲಿಲ್ಲ. ಮತ್ತೆ ನುಂಗಿದರು. "ಅಗ್ಗ," ಎಂದರು. ಇನ್ನೊಮ್ಮೆ ಪ್ರಯತ್ನಿಸಿದರು, ಮತ್ತೂ ಅಗ್ಗವೇ. ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ನಗಲು ಶುರುಮಾಡಿದರು. ಅವರ ನಗುವಿಗೆ ಸದ್ದಿಲ್ಲ, ಭುಜ ಕುಣಿಯುತ್ತದೆ, ಕಣ್ಣಲ್ಲಿ ನೀರು ಬರುತ್ತದೆ, ಅಷ್ಟೇ. ಮಾಮ ಲೋಟ ಹಿಡಿದುಕೊಂಡೇ ಮೆಟ್ಟಿಲ ಮೇಲೆ ಕುಸಿದು ಕೂತರು.

ಅಪ್ಪ ಅಂದು ಸ್ಲೇಟಿನಲ್ಲಿ ಅವರಿಗೆ ಏನೋ ಬರೆದು ತೋರಿಸಿದರು. ಆ ಅಂಬಿಗಿತ್ತಿಯಷ್ಟೇ ಧೈರ್ಯ ನಿಮಗೆ, ಹೆದರಿಕೆಯೆಂಬುದೇ ಇಲ್ಲ ಎಂಬ ಅರ್ಥದ ಮಾತು. ಆಕೆ ಓದಿ ತಲೆಯಾಡಿಸಿದರು. "ಹೆದ್ರಿಕೆ ಆಗ್ಲಿಲ್ಲ ಅಂತ ಪುಸ್ತಕದಲ್ಲಿ ಬರೀತಾರೆ. ನಂಗೆ ಒಂದು ಮಹಡಿ ಇಳಿಯೋದ್ರಲ್ಲಿ ಕಾಲು ಸೋತೋಯ್ತು." ಆ ಹಕಾರವನ್ನೂ ಅವರು ನುಂಗಿಯೇ ಹೇಳಿದ್ದು, ನಾನು ತಿದ್ದಿ ಬರೆದಿದ್ದೇನೆ. ಅಪ್ಪ ಬರೆದದ್ದನ್ನು ಒರೆಸಿಬಿಟ್ಟರು.

ಅಂದಿನಿಂದಲೇ ಎಲ್ಲ ಸರಿಹೋಯಿತು ಎಂದುಕೊಳ್ಳಬೇಡ. ಆಮೇಲೆ ಎಷ್ಟೋ ದಿನ ಒಂದಕ್ಷರ ಬರಲಿಲ್ಲ. ಒಮ್ಮೆ ಸಿಟ್ಟಿನಲ್ಲಿ ಲೋಟ ಎಸೆದು ಒಡೆದರು. ಆಕೆ ಚೂರುಗಳನ್ನು ಗುಡಿಸಿ, ಇನ್ನೊಂದು ಲೋಟ ತರಿಸಿ, ಎಲ್ಲಿ ನಿಲ್ಲಿಸಿದ್ದರೋ ಅಲ್ಲಿಂದಲೇ ಪಾಠ ಮುಂದುವರಿಸಿದರು. ಆಸ್ಪತ್ರೆಯ ಟೀಚರಮ್ಮನ ಬಳಿಗೂ ಮತ್ತೆ ಕರೆದುಕೊಂಡು ಹೋದರು, ಈಗ ಮೂವರೂ ಸೇರಿ ಕಲಿಸುವುದು ಕಲಿಯುವುದು. ಸೋಡಾ ಕುಡಿದರೆ ಗಾಳಿ ಬೇಗ ಮೇಲೆ ಬರುತ್ತದಂತೆ, ಮನೆಯ ತುಂಬ ಸೋಡಾ ಬಾಟಲಿ. ಊಟಕ್ಕೆ ಕೂತಾಗ ತೇಗಿದರೆ ಕಣ್ಣು ಕೆಂಪಗೆ ಮಾಡುತ್ತಿದ್ದ ನಮ್ಮಮ್ಮ ಈಗ ಅಪ್ಪನ ಎದುರು ಕೂತು, ತೇಗು ಬಂತಾ, ಇನ್ನೊಂದು ಬರ್ಲಿ ಎಂದು ಹುರಿದುಂಬಿಸುವುದನ್ನು ನೀನು ನೋಡಬೇಕಿತ್ತು. ಹೂಂ ಎನ್ನುವುದು ಅಪ್ಪನಿಗೆ ಇನ್ನೂ ಕಷ್ಟ, ಟೀ ಎನ್ನುವುದು ಬಲು ಸುಲಭ. ಹಾಗಾಗಿ ಏನು ಕೇಳಿದರೂ ಟೀ ಎನ್ನುತ್ತಾರೆ.

ಕಳೆದ ವಾರ ಮೆಟ್ಟಿಲ ಮೇಲೆ ಇಬ್ಬರೂ ಪುಟ ಹಂಚಿಕೊಂಡು ಓದಿದರು. ಅಪ್ಪನಿಗೆ ಅರ್ಧ ಪುಟಕ್ಕೇ ಸುಸ್ತು, ಉಳಿದದ್ದು ಆಕೆಯದು. ಅಂಬಿಗಿತ್ತಿ ದಡ ಸೇರಿದಳು, ಅಂದ ಹಾಗೆ. ಮಕ್ಕಳಿಗೆ ಆ ದನಿ ಈಗ ಎಷ್ಟು ರೂಢಿಯಾಗಿದೆಯೆಂದರೆ ರಾಕ್ಷಸನ ಪಾತ್ರಕ್ಕೆ ಇದೇ ಸರಿ ಎಂದು ಅವುಗಳ ತೀರ್ಮಾನ. ಬಿಂಕದಮ್ಮ ಈಗ ತರಕಾರಿಯವನ ಜೊತೆ ತಾವೇ ಚೌಕಾಸಿ ಮಾಡುತ್ತಾರೆ. ಇಷ್ಟು ವರ್ಷ ಇಬ್ಬರ ಮಾತನ್ನೂ ತಾವೇ ಆಡಿ ದಣಿದಿದ್ದ ಗಡಿಯಾರದ ಮಾಮ, ಈಗ ಮಾತಿಲ್ಲದೆ ಸುಖವಾಗಿ ಪೇಪರ್ ಓದುತ್ತಾರೆ. ಆ ಹೆಸರನ್ನು ಬಿಟ್ಟುಬಿಡೋಣವೆಂದು ನಾನು ಎಲ್ಲರಿಗೂ ಹೇಳಿದರೆ ಆಕೆಯೇ ಒಪ್ಪಲಿಲ್ಲ, ಬಿಂಕ ಪಡುವಂಥದ್ದು ಈಗ ನನ್ನ ಹತ್ತಿರ ಇದೆಯಲ್ಲ ಎಂದರು.

ಎಷ್ಟೋ ತಿಂಗಳ ಮೇಲೆ ಮನೆಯಲ್ಲಿ ಎಲ್ಲರೂ ನೆಮ್ಮದಿಯಾಗಿ ನಿದ್ದೆ ಮಾಡುತ್ತಿದ್ದೇವೆ, ಪುಟ್ಟೂ. ನೀನೂ ಮಾಡು. ಕಡಲು ನಿನ್ನ ಮೇಲೆ ಮುನಿಯದಿರಲಿ, ನಿನ್ನ ಇಂಜಿನ್ ನಿನ್ನ ಮಾತು ಕೇಳಲಿ. ಅಮ್ಮನ ಆಶೀರ್ವಾದ, ಮೇಲಿನ ಮಹಡಿಯ ಇಬ್ಬರ ನೆನಪು, ಜೊತೆಗೆ ನನ್ನದೊಂದು ಪ್ರೀತಿಯ ಗುದ್ದು.

ನಿನ್ನ
ಅಕ್ಕ

ಮ.ವಿ.: ಅಂಚೆಗೆ ಹೊತ್ತಾಯಿತು, ಚಪ್ಪಲಿ ಮೆಟ್ಟಿಕೊಂಡೇ ಬರೆಯುತ್ತಿದ್ದೇನೆ. ಬಂದರಿನಿಂದ ನೀನು ಫೋನ್ ಮಾಡಿದಾಗ ಈ ಸಲ ಎತ್ತುವುದು ನಾನಲ್ಲ, ಅಮ್ಮನೂ ಅಲ್ಲ. ಆ ಕಡೆಯಿಂದ ಮೊದಲು ಏನೂ ಕೇಳಿಸುವುದಿಲ್ಲ, ಆಮೇಲೆ ಗರಗರ ಎನ್ನುತ್ತದೆ. ಲೈನ್ ಸರಿಯಿಲ್ಲವೆಂದೋ ಬೇರೆ ಯಾರೋ ಎತ್ತಿದರೆಂದೋ ಇಟ್ಟುಬಿಡಬೇಡ. ಕಾಯುತ್ತಿರು. ಅವರು ಗಾಳಿ ನುಂಗುತ್ತಿರುತ್ತಾರೆ. ಊಟ ಆಯ್ತಾ ಎಂದು ಕೇಳುವುದನ್ನು ವಾರದಿಂದ ಕನ್ನಡಿಯ ಮುಂದೆ ಅಭ್ಯಾಸ ಮಾಡುತ್ತಿದ್ದಾರೆ. ಆಯ್ತು ಅಪ್ಪಾ ಎಂದು ಗಟ್ಟಿಯಾಗಿ ಹೇಳು, ಅಳುವುದೆಲ್ಲ ಆಮೇಲೆ.